ಅರಕೇರಾದಿಂದ ಒಂದು ಪತ್ರ



ಈ ಸಂಜೆ ನಾವು ತಮ್ಮ ಮುಂದಿಡಬೇಕೆಂದಿರುವ ವಿಷಯವು ನೋಡುವುದಕ್ಕೆ ಬಹಳ ಸಣ್ಣದು. ಒಂದು ದೇಶದ ಶಾಲೆಯ ಮಕ್ಕಳು ಮತ್ತೊಂದು ದೇಶದ ಶಾಲೆಯ ಮಕ್ಕಳಿಗೆ ತಮ್ಮ ಶಾಲೆಯನ್ನೂ ತಮ್ಮ ನಾಡನ್ನೂ ಪರಿಚಯ ಮಾಡಿಕೊಡುವ ಪದ್ಧತಿಯೊಂದು ಉಂಟಷ್ಟೆ. ಹಿಂದೆ ಅದು ಅಂಚೆಯ ಮೂಲಕ ನಡೆಯುತ್ತಿತ್ತು. ಈಗ ಗಣಕಯಂತ್ರದ ತೆರೆಯ ಮೇಲೆ, ಮುಖಕ್ಕೆ ಮುಖವಿಟ್ಟು ನಡೆಯುತ್ತದೆ. ತಮ್ಮ ಮನೆಯ ಮಕ್ಕಳೂ “ನಮ್ಮ ಶಾಲೆ, ನಮ್ಮ ದೇಶ” ಎಂಬ ತಲೆಬರಹದ ಕೆಳಗೆ ಹತ್ತು ವಾಕ್ಯಗಳನ್ನು ಬರೆದು ತಂದು ತಮಗೆ ತೋರಿಸಿರಬಹುದು. ತಾವು ಅದರಲ್ಲಿಯ ಕಾಗುಣಿತವನ್ನು ತಿದ್ದಿ, ಬೆನ್ನು ತಟ್ಟಿ ಕಳುಹಿಸಿರಲೂಬಹುದು. ಆ ಹತ್ತು ವಾಕ್ಯಗಳಲ್ಲಿ ಏನಿರಬೇಕು, ಅದನ್ನು ಬರೆಯುವುದಕ್ಕೆ ಮೊದಲು ಮಗು ಏನನ್ನು ತಿಳಿದಿರಬೇಕು ಎಂಬುದೇ ನಮ್ಮ ವಿಚಾರ. ಇದನ್ನು ಬರಿಯ ಸಿದ್ಧಾಂತವಾಗಿ ಹೇಳಿದರೆ ಬೇಸರವಾದೀತು. ಆದುದರಿಂದ ಒಂದು ಊರನ್ನು ಹಿಡಿದು ಹೇಳುತ್ತೇವೆ. ಆ ಊರು ರಾಯಚೂರು ಜಿಲ್ಲೆಯ ದೇವದುರ್ಗ ಸೀಮೆಯ ಅರಕೇರಾ.

ಆ ಊರನ್ನೇ ಏಕೆ ಆರಿಸಿಕೊಂಡೆವೆಂದರೆ, ನಾವು ಓದು ಬರಹ ಕಲಿತದ್ದು ಆ ಸೀಮೆಯಲ್ಲಿ. ಅಲ್ಲಿಯೇ ಈ ವಿಷಯದಲ್ಲಿ ನಮ್ಮಿಂದ ಒಂದು ತಪ್ಪೂ ನಡೆಯಿತು. ಅದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗುವುದು ಮೇಲು.

ನಾವು ಪ್ರೌಢಶಾಲೆಯಲ್ಲಿದ್ದಾಗ ಒಬ್ಬ ಉಪಾಧ್ಯಾಯರ ಉತ್ಸಾಹದಿಂದ ದೂರದ ಶೀತದೇಶವೊಂದರ ಬಾಲಕನ ವಿಳಾಸವು ನಮಗೆ ದೊರೆಯಿತು. ನಮಗೆ ಬರುತ್ತಿದ್ದ ಅಲ್ಪಸ್ವಲ್ಪ ಇಂಗ್ಲಿಷಿನಲ್ಲಿ ಮೂರು ಪುಟಗಳ ಪತ್ರವನ್ನು ಬರೆದೆವು. ಅದರಲ್ಲಿ ಹಿಮಾಲಯವಿತ್ತು, ಗಂಗೆಯಿತ್ತು, ತಾಜಮಹಲಿತ್ತು, ಹುಲಿಯೂ ನವಿಲೂ ಇದ್ದವು. ಇವುಗಳಲ್ಲಿ ನವಿಲೊಂದನ್ನುಳಿದು ಬೇರೆ ಯಾವುದನ್ನೂ ನಾವು ಕಣ್ಣಿನಿಂದ ಕಂಡವರಲ್ಲ. ನಮ್ಮ ಶಾಲೆಯ ವಿಷಯವಾಗಿ ಒಂದೇ ವಾಕ್ಯ: “ನಮ್ಮ ಶಾಲೆಯು ಬಹಳ ಸುಂದರವಾದ ಕಟ್ಟಡವನ್ನು ಹೊಂದಿದೆ.” ಅದೂ ಸುಳ್ಳು. ಕಟ್ಟಡದ ಒಂದು ಕೊಠಡಿಯ ಮಾಳಿಗೆಯು ಮಳೆಗಾಲದಲ್ಲಿ ಸೋರುತ್ತಿತ್ತು; ಆ ದಿನಗಳಲ್ಲಿ ಎರಡು ತರಗತಿಗಳು ಒಂದೇ ಕೊಠಡಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂಡುತ್ತಿದ್ದವು.

ಎರಡು ತಿಂಗಳ ಮೇಲೆ ಉತ್ತರ ಬಂದಿತು. ಆ ಹುಡುಗನು ತಾಜಮಹಲಿನ ಸುದ್ದಿಯನ್ನೇ ಎತ್ತಿರಲಿಲ್ಲ. ಅದರ ಚಿತ್ರವು ತನ್ನ ಪುಸ್ತಕದಲ್ಲಿಯೂ ಇತ್ತೆಂದು ತೋರುತ್ತದೆ. ಅವನು ನಾಲ್ಕು ಪ್ರಶ್ನೆಗಳನ್ನು ಕೇಳಿದ್ದನು. ನಿಮ್ಮಲ್ಲಿ ಮಳೆ ಹೇಗೆ ಬರುತ್ತದೆ? ಬೆಳಗ್ಗೆ ಏನು ತಿನ್ನುತ್ತೀರಿ? ಶಾಲೆಗೆ ಹೇಗೆ ಹೋಗುತ್ತೀರಿ? ನಿನ್ನ ಪಕ್ಕದಲ್ಲಿ ಕೂಡುವವನು ಯಾರು?

ಈ ಪ್ರಶ್ನೆಗಳನ್ನು ನೋಡಿ ನಮಗೆ ನಾಚಿಕೆಯಾಯಿತು. ಬೆಳಗ್ಗೆ ರಾತ್ರಿಯ ಜೋಳದ ರೊಟ್ಟಿಯನ್ನು ಶೇಂಗಾ ಹಿಂಡಿಯೊಡನೆ ತಿನ್ನುತ್ತೇವೆಂದು ವಿದೇಶೀಯನಿಗೆ ಬರೆಯುವುದು ಹೇಗೆ? ಮಳೆ ಬರುವುದೇ ಅಪರೂಪವೆಂದು ಒಪ್ಪಿಕೊಳ್ಳುವುದು ಹೇಗೆ? ಪಕ್ಕದವನ ವಿಷಯವಂತೂ ನಮಗೆ ತಿಳಿದೇ ಇರಲಿಲ್ಲ. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎಂದು ದಿನ ಕಳೆದು, ಕೊನೆಗೆ ಬರೆಯಲೇ ಇಲ್ಲ. ಆ ಸ್ನೇಹವು ಅಲ್ಲಿಗೆ ಮುಗಿಯಿತು. ಆ ಮೇಲೆ ಆಂಗ್ಲ ಸಾಹಿತ್ಯವನ್ನೋದಿ, ಅದನ್ನೇ ಬೋಧಿಸುತ್ತ ಬಹಳ ವರ್ಷಗಳಾದವು. ಆದರೆ ಆ ನಾಲ್ಕು ಪ್ರಶ್ನೆಗಳಿಗಿಂತ ಕಠಿಣವಾದ ಪ್ರಶ್ನಪತ್ರಿಕೆ ನಮ್ಮ ಕೈಗೆ ಬಂದಿಲ್ಲ.

ಇನ್ನು ಈ ಪದ್ಧತಿಯ ಇತಿಹಾಸವನ್ನು ಸ್ವಲ್ಪ ನೋಡೋಣ. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, ಮುಂದಿನ ಪೀಳಿಗೆಯವರಾದರೂ ಒಬ್ಬರನ್ನೊಬ್ಬರು ಅರಿತು ಬಾಳಲೆಂಬ ಆಶೆಯಿಂದ ಕಿರಿಯರ ರೆಡ್‌ಕ್ರಾಸ್ ಸಂಘಗಳು ದೇಶದೇಶಗಳ ಶಾಲೆಗಳ ನಡುವೆ ಚಿತ್ರಸಂಪುಟಗಳ ವಿನಿಮಯವನ್ನು ಆರಂಭಿಸಿದವು. ಮಕ್ಕಳು ತಮ್ಮ ಊರಿನ ಚಿತ್ರ, ಒಣಗಿಸಿದ ಎಲೆ, ಸಣ್ಣ ಲೇಖನ ಇವುಗಳನ್ನು ಹಾಳೆಗಳಿಗೆ ಅಂಟಿಸಿ ಕಳುಹಿಸುತ್ತಿದ್ದರು. ಅದೇ ಯುದ್ಧದಲ್ಲಿ ಎದೆಗೆ ಗುಂಡು ತಗಲಿ, ಬಹಳ ಹೊತ್ತು ಗಟ್ಟಿಯಾಗಿ ಮಾತನಾಡಲಾರದೆ ಹೋದ ಸೆಲೆಸ್ಟಿನ್ ಫ್ರೆನೆ ಎಂಬ ಹಳ್ಳಿಯ ಉಪಾಧ್ಯಾಯರು ಫ್ರಾನ್ಸಿನ ದಕ್ಷಿಣ ಭಾಗದಲ್ಲಿದ್ದರು. ಅವರು ತರಗತಿಯೊಳಗೆ ಒಂದು ಸಣ್ಣ ಮುದ್ರಣಯಂತ್ರವನ್ನಿಟ್ಟು, ಮಕ್ಕಳು ಹೇಳಿದ್ದನ್ನು ಮಕ್ಕಳಿಂದಲೇ ಅಚ್ಚು ಮಾಡಿಸಿದರು. ೧೯೨೬ರಲ್ಲಿ ಆ ಹಾಳೆಗಳು ಅದೇ ದೇಶದ ವಾಯವ್ಯ ಕಡಲತೀರದ ಬ್ರಿಟನಿ ಪ್ರಾಂತದ ಒಂದು ಶಾಲೆಗೆ ಹೋಗತೊಡಗಿದವು. ಅಲ್ಲಿಂದಲೂ ಹಾಳೆಗಳು ಬರತೊಡಗಿದವು. ಬೆಟ್ಟದ ಊರಿನ ಮಕ್ಕಳಿಗೆ ಕಡಲಿನ ಮಕ್ಕಳ ದಿನಚರಿಯೇ ಪಾಠವಾಯಿತು. ಗಮನಿಸಬೇಕಾದುದೇನೆಂದರೆ, ಇದು ಎರಡು ದೇಶಗಳ ನಡುವಿನ ವಿನಿಮಯವಲ್ಲ, ಒಂದೇ ದೇಶದ ಎರಡು ಮೂಲೆಗಳ ನಡುವಿನದು.

೧೯೮೮ರಲ್ಲಿ, ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ಇನ್ನೂ ಪರಸ್ಪರ ಸಂದೇಹವಿದ್ದಾಗ, ನ್ಯೂಯಾರ್ಕ್ ಸಂಸ್ಥಾನದ ಕೆಲವು ಶಾಲೆಗಳನ್ನೂ ಮಾಸ್ಕೋ ನಗರದ ಕೆಲವು ಶಾಲೆಗಳನ್ನೂ ಗಣಕಯಂತ್ರಗಳ ಮೂಲಕ ಜೋಡಿಸಿದರು. ೨೦೦೫ರಲ್ಲಿ ಯೂರೋಪಿನ ದೇಶಗಳು ತಮ್ಮ ಶಾಲೆಗಳನ್ನು ಜೋಡಿಮಾಡುವ ಏರ್ಪಾಟನ್ನು ತಾವೇ ಕೈಗೊಂಡವು. ನಮ್ಮ ದೇಶದಲ್ಲಿಯೂ ಈ ಬಗೆಯ ಒಂದು ದೊಡ್ಡ ಪ್ರಯೋಗವು ನಡೆದುಬಂದಿದೆ. ೧೯೮೬ರ ರಾಷ್ಟ್ರೀಯ ಶಿಕ್ಷಣನೀತಿಯ ಕಾಲದಲ್ಲಿ ಬೆಳೆದ ನವೋದಯ ವಿದ್ಯಾಲಯಗಳಲ್ಲಿ, ಒಂಬತ್ತನೆಯ ತರಗತಿಗೆ ಬಂದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಮೂವತ್ತು ಮಂದಿಯನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ಪ್ರಾಂತದ ವಿದ್ಯಾಲಯಕ್ಕೆ ಕಳುಹಿಸುವುದೆಂಬ ಏರ್ಪಾಟುಂಟು. ಹಿಂದಿಯ ಸೀಮೆಯ ಮಕ್ಕಳು ಇತ್ತ ಬರುವರು, ಇತ್ತಣ ಮಕ್ಕಳು ಅತ್ತ ಹೋಗುವರು. ರಾಯಚೂರು ಜಿಲ್ಲೆಗೆ ಸಂಬಂಧಪಟ್ಟ ನವೋದಯ ವಿದ್ಯಾಲಯವಿರುವುದು ಮುದುಗಲ್ಲಿನಲ್ಲಿ. ಹದಿಮೂರು ಹದಿನಾಲ್ಕು ವರ್ಷದ ಮಗುವು ತಟ್ಟೆ ಬಟ್ಟಲು ಕಟ್ಟಿಕೊಂಡು ಬೇರೆ ಭಾಷೆಯ ನಾಡಿಗೆ ಹೋಗಿ, ಅಲ್ಲಿ “ನೀನು ಯಾವ ಊರಿನವನು?” ಎಂದು ಕೇಳಿದವರಿಗೆ ಉತ್ತರ ಕೊಡಬೇಕಾಗುವ ಆ ಮೊದಲ ಸಂಜೆಯನ್ನು ತಾವು ಊಹಿಸಿಕೊಳ್ಳಬೇಕು. ಅಲ್ಲಿ ಪಠ್ಯಪುಸ್ತಕದ ಹತ್ತು ವಾಕ್ಯಗಳು ಬಹಳ ದೂರ ನಡೆಯಲಾರವು.

ಪರಿಚಯ ಹೇಳುವಾಗ ಎರಡು ದೋಷಗಳು ಬರುವುವು. ಮೊದಲನೆಯದು ಸಾಲದ ವೈಭವ. ನಮ್ಮ ಪತ್ರದಲ್ಲಿದ್ದುದು ಅದೇ. ಎರಡನೆಯದು ಸಾಲದ ದೈನ್ಯ. ಇದು ಈಚೆಗೆ ಹೆಚ್ಚಾಗಿದೆ. ಅರಕೇರಾದ ಕಡೆಯ ವಿದ್ಯಾರ್ಥಿಯನ್ನು ನಗರದಲ್ಲಿ ಯಾರಾದರೂ “ಎಲ್ಲಿಯವರು?” ಎಂದು ಕೇಳಿದರೆ, ಅವನು ಊರಿನ ಹೆಸರಿಗೆ ಮೊದಲು “ಹಿಂದುಳಿದ ಭಾಗ” ಎಂಬ ಮಾತನ್ನು ಹೇಳುವುದನ್ನು ನಾವು ಕಾಲೇಜಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಈ ಮಾತು ನಿರಾಧಾರವಾದುದಲ್ಲ. ೨೦೦೨ರಲ್ಲಿ ವರದಿ ಕೊಟ್ಟ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದವೆಂದು ಎಣಿಸಿದ ೩೯ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಅಕ್ಷರಸ್ಥರ ಪ್ರಮಾಣವು ನೂರಕ್ಕೆ ೭೫ಕ್ಕೆ ಮಿಕ್ಕಿದ್ದರೆ, ರಾಯಚೂರು ಜಿಲ್ಲೆಯದು ೬೦ನ್ನೂ ಮುಟ್ಟಿರಲಿಲ್ಲ. ಈ ಅಂಕಿಗಳನ್ನು ಬಚ್ಚಿಡಬಾರದು. ಆದರೆ ಆಡಳಿತಗಾರನು ಹಣ ಹಂಚುವುದಕ್ಕಾಗಿ ಮಾಡಿದ ಪಟ್ಟಿಯನ್ನು ಮಗುವು ತನ್ನ ಹೆಸರಿನಂತೆ ಧರಿಸಿಕೊಂಡು ತಿರುಗಬಾರದು. ವೈಭವವೂ ದೈನ್ಯವೂ ಮತ್ತೊಬ್ಬರು ಬರೆದುಕೊಟ್ಟ ಮಾತುಗಳು. ಮಗುವಿನ ಕಣ್ಣು ಎರಡರಲ್ಲಿಯೂ ಇಲ್ಲ.

ಹಾಗಾದರೆ ಅರಕೇರಾದ ಶಾಲೆಯೊಂದು ಇಂದು ಪರದೇಶದ ಶಾಲೆಗೆ ಪತ್ರ ಬರೆಯಲು ಕುಳಿತರೆ ಏನನ್ನು ಬರೆಯಬಹುದು? ನಮ್ಮ ಊಹೆಯನ್ನು ಹೇಳುತ್ತೇವೆ.

ಮೊದಲು ಭೂಗೋಳ. ಅರಕೇರಾವು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೬ ಅಂಶಗಳಿಗೆ ಸ್ವಲ್ಪ ಮೇಲೆ ಇದೆ. ಗೋಲವನ್ನು ತಿರುಗಿಸಿ ಅದೇ ಅಕ್ಷಾಂಶದ ಮೇಲೆ ಬೆರಳಿಟ್ಟುಕೊಂಡು ಹೋದರೆ, ಪಶ್ಚಿಮದಲ್ಲಿ ಆಫ್ರಿಕದ ಮರಳಿನ ಅಂಚಿನ ಟಿಂಬಕ್ಟು, ಪೂರ್ವದಲ್ಲಿ ಥಾಯ್ಲೆಂಡಿನ ಬತ್ತದ ನಾಡಿನ ಖೋನ್ ಕೇನ್, ಇನ್ನೂ ಆಚೆ ಫಿಲಿಪೀನ್ಸಿನ ತಂಪುಬೆಟ್ಟದ ಬಾಗಿಯೊ ಹೆಚ್ಚುಕಡಮೆ ಅದೇ ಸಾಲಿನಲ್ಲಿ ಸಿಕ್ಕುವುವು. ಈ ನಾಲ್ಕು ಊರುಗಳಿಗೂ ಸೂರ್ಯನು ಒಂದೇ ಬಗೆಯಾಗಿ ನೆತ್ತಿಯ ಮೇಲೆ ಬರುವನು. ಮೇ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಂದೊಂದು ಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆದರೂ ಒಂದೆಡೆ ಮರಳು, ಒಂದೆಡೆ ಕೆಸರುಗದ್ದೆ, ಒಂದೆಡೆ ಮಂಜು, ನಮ್ಮಲ್ಲಿ ಎರೆಭೂಮಿ. ಸೂರ್ಯನು ಒಂದೇ ಆಗಿದ್ದು ಬಾಳು ಬೇರೆಯಾಗುವುದು ಏಕೆ ಎಂಬ ಪ್ರಶ್ನೆಯು ಇಲ್ಲಿಂದ ಹುಟ್ಟುವುದು. ಎತ್ತರ, ಗಾಳಿ, ಕಡಲಿನ ದೂರ ಇವುಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ನೆರಳಿನ ಮಾತು ಬಂದುದರಿಂದ ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಅರಕೇರಾಕ್ಕೂ ದೆಹಲಿಗೂ ರೇಖಾಂಶವು ಹೆಚ್ಚುಕಡಮೆ ಒಂದೇ, ಸುಮಾರು ೭೭. ಆದುದರಿಂದ ಎರಡು ಕಡೆಯೂ ನಡುಹಗಲು ಒಟ್ಟಿಗೆ ಆಗುತ್ತದೆ. ಹಗಲು ಇರುಳು ಸಮವಾಗುವ ಸೆಪ್ಟೆಂಬರ್ ತಿಂಗಳ ದಿನದಂದು ಎರಡು ಊರಿನ ಮಕ್ಕಳೂ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟರೆ, ನಡುಹಗಲಿನ ನೆರಳು ಅರಕೇರಾದಲ್ಲಿ ಸುಮಾರು ೨೯ ಸೆಂಟಿಮೀಟರ್, ದೆಹಲಿಯಲ್ಲಿ ಸುಮಾರು ೫೪ ಸೆಂಟಿಮೀಟರ್ ಬೀಳುವುದು. ಈ ವ್ಯತ್ಯಾಸದಿಂದಲೂ ಎರಡು ಊರುಗಳ ನಡುವಣ ದೂರದಿಂದಲೂ ಇಡೀ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಬಹುದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಾಟೊಸ್ಥೆನೀಸನು ಮಾಡಿದ್ದು ಇದೇ ಲೆಕ್ಕ. ಇದರ ಸ್ವಾರಸ್ಯವೇನೆಂದರೆ, ಒಂದೇ ಶಾಲೆಯ ನೆರಳಿನಿಂದ ಈ ಉತ್ತರವು ದೊರೆಯುವುದಿಲ್ಲ. ದೆಹಲಿಯ ಸಿರಿವಂತ ಶಾಲೆಗೂ ಅರಕೇರಾದ ಕೋಲು ಬೇಕು.

ಆಮೇಲೆ ಮಣ್ಣು, ನೀರು, ಊಟ. ಕೃಷ್ಣೆಯು ಆ ಸೀಮೆಯ ಉತ್ತರದ ಅಂಚಿನಲ್ಲಿ ಹರಿಯುತ್ತಾಳೆ. ನಾರಾಯಣಪುರದ ಬಲದಂಡೆಯ ಕಾಲುವೆಯು ದೇವದುರ್ಗದ ಕಡೆಗೆ ನೀರು ತಂದ ಮೇಲೆ, ಜೋಳ ಸಜ್ಜೆಗಳಷ್ಟೇ ಇದ್ದ ಹೊಲಗಳಲ್ಲಿ ಬತ್ತವೂ ಹತ್ತಿಯೂ ಮೆಣಸಿನಕಾಯಿಯೂ ಕಾಣಿಸಿಕೊಂಡವು. ಯಾರ ಹೊಲಕ್ಕೆ ನೀರು ಬಂದಿತು, ಯಾರ ಹೊಲಕ್ಕೆ ಬರಲಿಲ್ಲ ಎಂಬುದು ಆ ಊರಿನ ಪ್ರತಿಯೊಂದು ಮಗುವಿಗೂ ಗೊತ್ತು. ಇದನ್ನು ಬರೆದರೆ ಸಾಕು, ಅದು ಅರ್ಥಶಾಸ್ತ್ರವಾಗುತ್ತದೆ. ಮಧ್ಯಾಹ್ನ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವ ಬಿಸಿಯೂಟದ ವಿಷಯವನ್ನೂ ಬರೆಯಬೇಕು. ಅಕ್ಷರ ದಾಸೋಹವೆಂಬ ಆ ಯೋಜನೆಯು ೨೦೦೨ರಲ್ಲಿ ರಾಯಚೂರು ಮೊದಲಾದ ಈಶಾನ್ಯದ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾಗಿ, ಆಮೇಲೆ ನಾಡಿನ ಉಳಿದ ಭಾಗಕ್ಕೆ ಹಬ್ಬಿತು. ಹಿಂದುಳಿದುದೆಂಬ ಸೀಮೆಯು ಒಂದು ವಿಷಯದಲ್ಲಾದರೂ ಮುಂದೆ ಇದ್ದಿತು.

ಮೂರನೆಯದು ಭಾಷೆ. ಆ ಭಾಗದ ತರಗತಿಯೊಂದಕ್ಕೆ ಹೋಗಿ “ಮನೆಯಲ್ಲಿ ಏನು ಮಾತನಾಡುತ್ತೀರಿ?” ಎಂದು ಕೇಳಿ ನೋಡಬೇಕು. ಕನ್ನಡದೊಡನೆ ಉರ್ದು, ತೆಲುಗು, ತಾಂಡದಿಂದ ಬಂದ ಮಕ್ಕಳ ಲಂಬಾಣಿ ಇವೆಲ್ಲ ಒಂದೇ ಕೊಠಡಿಯಲ್ಲಿ ಸಿಕ್ಕುವುದು ಅಸಂಭವವಲ್ಲ. ಇದಕ್ಕೆ ಕಾರಣಗಳುಂಟು. ೧೯೪೮ರ ಸೆಪ್ಟೆಂಬರಿನವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿತು. ಸಂಸ್ಥಾನದ ರಾಜಭಾಷೆಯು ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಕನ್ನಡದ ಮನೆಯ ಹುಡುಗನು ಗಣಿತ ಚರಿತ್ರೆಗಳನ್ನು ಉರ್ದುವಿನಲ್ಲಿ ಕಲಿಯುತ್ತಿದ್ದನು. ಅದರ ಕಷ್ಟವನ್ನು ಆ ಕಾಲದವರು ಬಲ್ಲರು. ಅದರ ಲಾಭವನ್ನು ನಾವು ಇಂದಿಗೂ ನಮ್ಮ ಆಡುಮಾತಿನಲ್ಲಿ ಉಣ್ಣುತ್ತಿದ್ದೇವೆ. ಅಂಥ ದಿನಗಳಲ್ಲಿ, ೧೯೨೦ರಲ್ಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಒಂದು ರಾಷ್ಟ್ರೀಯ ಶಾಲೆಯನ್ನು ತೆರೆದು ಅದಕ್ಕೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಆ ಮಾತಿನ ಅರ್ಥ, ಮತ್ತೊಬ್ಬರ ನೋವನ್ನು ತನ್ನದೆಂದು ತಿಳಿಯುವವನು ಎಂದು. ಶಾಲೆಗೆ ಇದಕ್ಕಿಂತ ಒಪ್ಪುವ ಹೆಸರನ್ನು ಊಹಿಸುವುದು ಕಷ್ಟ.

ಅದೇ ಜಿಲ್ಲೆಯ ಸಿಂಧನೂರಿನ ಕಡೆಗೆ ಹೋದರೆ, ೧೯೭೦ರ ಆಸುಪಾಸಿನಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಿವೆ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದವರ ಕ್ಯಾಂಪುಗಳಂತೂ ಸಿಂಧನೂರು ಮಾನ್ವಿಗಳಲ್ಲಿ ಬಹಳ. ಅಲ್ಲಿಯ ಮಗುವಿಗೆ “ನಿನ್ನ ನಾಡು ಯಾವುದು?” ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅಜ್ಜಿಯ ನಾಡು ಒಂದು, ತನ್ನ ನಾಡು ಮತ್ತೊಂದು. ಆ ಮಗುವು ತನ್ನ ಪರಿಚಯವನ್ನು ಪ್ರಾಮಾಣಿಕವಾಗಿ ಬರೆದರೆ, ನಾವು ನಕ್ಷೆಯಲ್ಲಿ ಎಳೆದ ಗೆರೆಗಳನ್ನು ಜನರು ಹೇಗೆ ದಾಟುತ್ತಾರೆ, ಏಕೆ ದಾಟಬೇಕಾಗುತ್ತದೆ ಎಂಬುದು ಓದಿದವರಿಗೆ ತಿಳಿಯುವುದು.

ನಾಲ್ಕನೆಯದು ಚರಿತ್ರೆ. ಹೊರಗಿನವರ ಪರಿಚಯವು ಆ ನಾಡಿಗೆ ಹೊಸದಲ್ಲ. ೧೫೨೦ರ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ಕೆಲವು ಪೋರ್ಚುಗೀಸ್ ಬಂದೂಕುಗಾರರಿದ್ದರು. ಆ ಯುದ್ಧದ ವಿಸ್ತಾರವಾದ ವರ್ಣನೆಯನ್ನು ಬರೆದಿಟ್ಟವನು ನೂನಿಜನೆಂಬ ಪೋರ್ಚುಗೀಸ್ ಕುದುರೆಯ ವ್ಯಾಪಾರಿ. ಮುದುಗಲ್ಲಿನಲ್ಲಿ ಹದಿನಾರನೆಯ ಶತಮಾನದಷ್ಟು ಹಳೆಯ ಇಗರ್ಜಿಯುಂಟು. ಅಲ್ಲಿಯ ಮೊಹರಮ್ಮಿನ ಅಲಾಯಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ನೆರೆಯುವರು. ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಬೆಳಕಿಗೆ ತಂದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ದೇವಾನಾಂಪ್ರಿಯನೆಂಬ ಬಿರುದಿನ ರಾಜನು ಅಶೋಕನೇ ಎಂದು ವಿದ್ವಾಂಸರಿಗೆ ಸಂದೇಹವಿಲ್ಲದೆ ತಿಳಿದದ್ದು ಆ ಬಂಡೆಯಿಂದ. ಎಂದರೆ, ಪಾಟಲಿಪುತ್ರದ ಅರಸನ ಹೆಸರನ್ನು ಕಾಪಾಡಿದ್ದು ರಾಯಚೂರಿನ ಒಂದು ಗುಡ್ಡ. ಅದನ್ನು ಕಂಡು ಹೇಳಿದ್ದು ಚಿನ್ನವನ್ನು ಹುಡುಕುತ್ತ ಬಂದ ಒಬ್ಬ ಪರದೇಶಿ. ಇದು ಹತ್ತು ವಾಕ್ಯಗಳಲ್ಲಿ ಒಂದಾಗಲು ಯೋಗ್ಯವಾದುದು.

ಇಷ್ಟು ಹೇಳಿದ ಮೇಲೆಯೂ ಪತ್ರವು ಮುಗಿಯಲಿಲ್ಲ. ಆ ಹುಡುಗನ ನಾಲ್ಕನೆಯ ಪ್ರಶ್ನೆ ಉಳಿದಿದೆ: ನಿನ್ನ ಪಕ್ಕದಲ್ಲಿ ಕೂಡುವವನು ಯಾರು?

ನಮ್ಮೊಡನೆ ಒಂದೇ ಗೋಣಿತಟ್ಟಿನ ಮೇಲೆ ಕೂಡುತ್ತಿದ್ದ ಹುಡುಗನೊಬ್ಬನಿದ್ದನು. ದೀಪಾವಳಿ ಕಳೆದು ಹೊಲದ ಕೆಲಸ ಮುಗಿಯಿತೆಂದರೆ ಅವನ ಸ್ಥಳವು ಬರಿದಾಗುತ್ತಿತ್ತು. ತಾಯಿತಂದೆಗಳೊಡನೆ ಅವನು ಗುಳೆ ಹೋಗುತ್ತಿದ್ದನು. ಗುಳೆಯೆಂದರೇನೆಂದು ನಗರದ ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಮಳೆ ಕೈಕೊಟ್ಟಾಗ, ಕೂಲಿ ಸಾಲದಾದಾಗ, ಇಡೀ ಸಂಸಾರವು ಗಂಟು ಕಟ್ಟಿಕೊಂಡು ಪುಣೆ, ಮುಂಬಯಿ, ಬೆಂಗಳೂರುಗಳ ಕಡೆಗೆ ಕಟ್ಟಡದ ಕೆಲಸಕ್ಕೆ ಹೋಗುವುದಕ್ಕೆ ಆ ಕಡೆ ಗುಳೆಯೆನ್ನುವರು. ಮುಂಗಾರಿನ ಹೊತ್ತಿಗೆ ಮರಳಿದರೆ ಮರಳಿದರು. ಅವನು ಮರಳಿದಾಗ ಹಿಂದಿನ ಪಾಠಗಳು ಬಾರದೆ, ಭೂಗೋಳದ ಪ್ರಶ್ನೆಗಳಿಗೆ ಉತ್ತರ ಹೇಳಲಾರದೆ ತಲೆ ತಗ್ಗಿಸಿ ನಿಲ್ಲುತ್ತಿದ್ದನು. ನಾವು ಬಲ್ಲವರಂತೆ ಕೈಯೆತ್ತಿ “ಮುಂಬಯಿಯು ಅರಬ್ಬೀ ಸಮುದ್ರದ ತೀರದಲ್ಲಿದೆ” ಎಂದು ಹೇಳಿ ಶಭಾಸ್ ಎನ್ನಿಸಿಕೊಳ್ಳುತ್ತಿದ್ದೆವು.

ಹಲವು ವರ್ಷಗಳ ಮೇಲೆ ಊರಿನ ಜಾತ್ರೆಯಲ್ಲಿ ಅವನು ಸಿಕ್ಕಿದನು. ಈಗ ಅವನು ಹತ್ತು ಮಂದಿ ಗಾರೆಕೆಲಸದವರ ಮೇಸ್ತ್ರಿ. ಮಂಡಾಳು ಒಗ್ಗರಣಿ ತಿನ್ನುತ್ತ ಹಳೆಯ ಮಾತುಗಳನ್ನಾಡುತ್ತಿರುವಾಗ, ಶಾಲೆಯ ದಿನಗಳಲ್ಲಿಯೇ ತಾನು ಮುಂಬಯಿಯಲ್ಲಿ ಸಮುದ್ರದ ಎದುರಿನ ಒಂದು ಕಟ್ಟಡದ ಮೇಲೆ ಮಲಗಿ ಹಡಗುಗಳ ದೀಪಗಳನ್ನು ಎಣಿಸುತ್ತಿದ್ದುದನ್ನು ಹೇಳಿದನು. ನಾವು ಬೆರಗಾಗಿ, “ಆಗ ನನಗ್ಯಾಕ ಹೇಳಲಿಲ್ಲೋ?” ಎಂದೆವು. ಬಾಲ್ಯದಲ್ಲಿ ನಮ್ಮನ್ನು ‘ಲೇ’ ಎಂದು ಕರೆಯುತ್ತಿದ್ದವನು ಈಗ ಮರ್ಯಾದೆಯ ಮಾತಿನಲ್ಲಿ, ಸ್ವಲ್ಪ ನಕ್ಕು, “ನೀವು ಕೇಳಲೇ ಇಲ್ಲಲ್ರೀ” ಎಂದನು.

ಆ ಮಾತು ನಮ್ಮನ್ನು ಬಿಟ್ಟಿಲ್ಲ. ಸಮುದ್ರವನ್ನು ಕಂಡವನು ತಲೆ ತಗ್ಗಿಸಿ ನಿಂತಿದ್ದನು. ಕಾಣದವರು ಶಭಾಸ್ ಎನ್ನಿಸಿಕೊಂಡೆವು. ಮೂರು ಪುಟಗಳ ಪತ್ರವನ್ನು ಸಮುದ್ರದಾಚೆಗೆ ಬರೆದ ನಾವು, ಒಂದು ಮೊಳದ ಆಚೆ ಕುಳಿತವನನ್ನು ಒಂದು ಮಾತೂ ಕೇಳಿರಲಿಲ್ಲ. ಪರದೇಶದ ಹುಡುಗನಿಗೆ ಉತ್ತರ ಬರೆಯಲಾರದೆ ಹೋದುದಕ್ಕೆ ನಮ್ಮ ಇಂಗ್ಲಿಷಿನ ಕೊರತೆಯು ಕಾರಣವಲ್ಲ. ಪಕ್ಕದವನ ಪರಿಚಯವಿಲ್ಲದವನಿಗೆ ತನ್ನ ಶಾಲೆಯ ಪರಿಚಯವೂ ಇರುವುದಿಲ್ಲ. ಅದಿಲ್ಲದೆ ದೇಶದ ಪರಿಚಯವನ್ನು ಹೇಳುವುದೆಂದರೆ ಕಂಠಪಾಠವನ್ನು ಒಪ್ಪಿಸುವುದೇ ಸರಿ. ನಾವು ಇಂದು ಹೇಳಬೇಕಾದ ಮುಖ್ಯವಾದ ಮಾತು ಇಷ್ಟೇ.

ಪರಿಚಯದಲ್ಲಿ ಇನ್ನೊಂದು ಅರ್ಧವುಂಟು, ಅದು ಕೇಳುವುದು. ಅತ್ತಣ ಶಾಲೆಯು ತನ್ನ ವಿಷಯವನ್ನು ಹೇಳಿದಾಗ ನಮ್ಮ ಮಕ್ಕಳು ‘ಅಬ್ಬಾ’ ಎಂದು ಬಾಯಿ ತೆರೆಯುವುದಾಗಲಿ, ‘ಅಯ್ಯೋ’ ಎಂದು ಮೂಗು ಮುರಿಯುವುದಾಗಲಿ ಸಾಲದು. ಜಪಾನಿನಲ್ಲಿ ಶಾಲೆಯ ವರ್ಷವು ಏಪ್ರಿಲಿನಲ್ಲಿ ಆರಂಭವಾಗುತ್ತದೆ, ನಮ್ಮಲ್ಲಿ ಮುಂಗಾರಿನೊಡನೆ, ಆಸ್ಟ್ರೇಲಿಯದಲ್ಲಿ ಜನವರಿಯ ಕೊನೆಗೆ, ಅಲ್ಲಿಯ ಬೇಸಗೆಯ ರಜ ಕಳೆದ ಮೇಲೆ. ಏಕೆ ಹೀಗೆ? ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಸರದಿಯ ಮೇಲೆ ಊಟ ಬಡಿಸುವರು, ತಮ್ಮ ಕೊಠಡಿಯನ್ನು ತಾವೇ ಗುಡಿಸಿ ಒರಸುವರು. ನಮ್ಮ ಹಳ್ಳಿಯ ಶಾಲೆಗಳಲ್ಲಿಯೂ ಮಕ್ಕಳು ಕಸ ಗುಡಿಸುವುದುಂಟು. ಆದರೆ ಅಲ್ಲಿ ಎಲ್ಲರಿಗೂ ಸರದಿ ಬರುವುದು. ನಮ್ಮಲ್ಲಿ ಕಸಬರಿಕೆಯು ಯಾರ ಕೈಗೆ ಹೋಗುವುದು, ಯಾರ ಕೈಗೆ ಹೋಗುವುದಿಲ್ಲ ಎಂಬುದನ್ನು ಉಪಾಧ್ಯಾಯರು ಒಂದು ವಾರ ಗಮನಿಸಿ ನೋಡಲಿ. ಹೀಗೆ ಅವರ ಪತ್ರವು ನಮ್ಮ ಮುಖಕ್ಕೆ ಹಿಡಿದ ಕನ್ನಡಿಯಾಗುವುದು. ಜರ್ಮನಿಯಲ್ಲಿ ಮಗುವು ಮೊದಲ ದಿನ ಶಾಲೆಗೆ ಹೋಗುವಾಗ ತಿಂಡಿಯನ್ನೂ ಬಳಪವನ್ನೂ ತುಂಬಿದ ಶಂಕುವಿನಾಕಾರದ ದೊಡ್ಡ ಕಾಗದದ ಪೊಟ್ಟಣವನ್ನು ಅದರ ಕೈಗೆ ಕೊಡುವರು. ನಮ್ಮಲ್ಲಿ ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಮಾಡಿಸುವರು. ಎರಡರ ಹಿಂದೆಯೂ ಇರುವುದು ಮಗುವು ಮೊದಲ ಸಲ ಮನೆಯ ಹೊಸಿಲು ದಾಟುವಾಗ ತಾಯಿಗೆ ಆಗುವ ಅಳುಕೇ.

ಇನ್ನು ಉಪಾಧ್ಯಾಯರಲ್ಲಿಯೂ ತಾಯಿತಂದೆಗಳಲ್ಲಿಯೂ ಎರಡು ಮೂರು ಅರಿಕೆಗಳು.

ಪತ್ರ ಬರೆಯುವುದಕ್ಕೆ ಮೊದಲು ಒಂದು ವಾರ ತರಗತಿಯೊಳಗೇ ಪರಿಚಯವು ನಡೆಯಲಿ. ಪ್ರತಿಯೊಂದು ಮಗುವೂ ತನ್ನ ಪಕ್ಕದ ಮಗುವನ್ನು ಆ ನಾಲ್ಕು ಪ್ರಶ್ನೆಗಳ ಮಾದರಿಯಲ್ಲಿ ಕೇಳಿ, ಕೇಳಿದ್ದನ್ನು ಎಲ್ಲರಿಗೂ ಹೇಳಲಿ. ಹೇಳುವುದಕ್ಕೆ ಮೊದಲು ಪಕ್ಕದವನ ಒಪ್ಪಿಗೆಯನ್ನು ಪಡೆಯುವುದನ್ನೂ ಕಲಿಯಲಿ. ಮನೆಯ ಕಷ್ಟವನ್ನು ಎಲ್ಲರ ಮುಂದೆ ಬಿಚ್ಚಲು ಇಷ್ಟವಿಲ್ಲದ ಮಗುವನ್ನು ಒತ್ತಾಯಪಡಿಸಬಾರದು. ಗುಳೆ ಹೋಗಿ ಬಂದ ಮಗುವನ್ನು ಪಾಠ ತಪ್ಪಿಸಿದವನೆಂದು ನಿಲ್ಲಿಸುವ ಬದಲು, ನಕ್ಷೆಯ ಹತ್ತಿರ ಕರೆದು “ನೀನು ಹೋದ ದಾರಿಯನ್ನು ತೋರಿಸಪ್ಪ” ಎಂದು ಕೇಳಲಿ. ತಪ್ಪಿದ ಪಾಠವನ್ನು ಹೇಳಿಕೊಡುವ ಕರ್ತವ್ಯವು ಅದರಿಂದ ಮುಗಿಯುವುದಿಲ್ಲ. ಆದರೆ ಆ ಪಾಠವನ್ನು ಕಲಿಯಬೇಕೆಂಬ ಧೈರ್ಯವು ಅವನಿಗೆ ಅಲ್ಲಿಂದ ಬರುವುದು.

ಪತ್ರದ ಭಾಷೆಯ ವಿಷಯ. ಮೊದಲು ಕನ್ನಡದಲ್ಲಿ, ಅಥವಾ ಮಗುವಿನ ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಬೇಕು. ನಾವು ಇಂಗ್ಲಿಷನ್ನು ಬೋಧಿಸಿಯೇ ಅನ್ನ ಉಣ್ಣುವವರು. ಆದರೂ ಹೇಳುತ್ತೇವೆ, ಇಂಗ್ಲಿಷಿನಲ್ಲಿಯೇ ಆರಂಭಿಸಿದ ಮಗುವು ತನಗೆ ಬರುವ ಇಂಗ್ಲಿಷಿಗೆ ತಕ್ಕಷ್ಟು ಊರನ್ನು ಮಾತ್ರ ನೋಡುತ್ತದೆ. ‘ಪುಂಡಿಪಲ್ಯ’ಕ್ಕೆ ಇಂಗ್ಲಿಷ್ ಹೆಸರು ತೋಚದೆ ಅದನ್ನು ಬಿಟ್ಟು ‘ಅನ್ನ’ವೆಂದು ಬರೆದುಬಿಡುತ್ತದೆ.

ಕೊನೆಯದಾಗಿ, ನಗರದ ಶಾಲೆಗಳಲ್ಲಿ ಒಂದು ಪ್ರಾರ್ಥನೆ. ಮಹಾಶಯರೇ, ಲಂಡನ್ನಿನ ಶಾಲೆಯೊಡನೆ, ಸಿಂಗಪುರದ ಶಾಲೆಯೊಡನೆ ತಮ್ಮ ಮಕ್ಕಳು ಮಾತನಾಡುವುದು ಬಹಳ ಒಳ್ಳೆಯದು. ಆದರೆ ವರ್ಷಕ್ಕೊಂದು ಸಲ ಅರಕೇರಾದಂಥ ಊರಿನ ಶಾಲೆಯೊಡನೆಯೂ ಮಾತನಾಡಲಿ. ಫ್ರಾನ್ಸಿನ ಆ ಉಪಾಧ್ಯಾಯರು ಮೊದಲು ಜೋಡಿಸಿದ್ದು ತಮ್ಮ ದೇಶದ ಎರಡು ಹಳ್ಳಿಗಳನ್ನೆಂಬುದನ್ನು ಮರೆಯದಿರೋಣ. ತಾವು ಈ ಭಾಷಣವನ್ನು ಕೇಳುತ್ತ ಕುಳಿತಿರುವ ಮನೆಯ ಗೋಡೆಗೆ ಗಾರೆ ಬಳಿದವನು ದೇವದುರ್ಗದವನಾಗಿರಬಹುದು. ಅವನ ಮಗುವೂ ತಮ್ಮ ಮಗುವೂ ಒಂದೇ ನಗರದಲ್ಲಿ ಒಂದು ಚಳಿಗಾಲವನ್ನು ಕಳೆದಿರಬಹುದು, ಒಬ್ಬರು ಗೋಡೆಯ ಒಳಗೆ, ಮತ್ತೊಬ್ಬರು ಇಟ್ಟಿಗೆಯ ರಾಶಿಯ ಹತ್ತಿರ. ಅವರಿಬ್ಬರಿಗೆ ಪರಸ್ಪರ ಪರಿಚಯವಾಗಲು ಲಂಡನ್ನಿನ ದಾರಿಯನ್ನು ಹಿಡಿಯಬೇಕಾಗಿಲ್ಲ.

ನಮ್ಮ ಆ ಹಳೆಯ ಪತ್ರಮಿತ್ರನ ವಿಳಾಸವು ಈಗ ನಮ್ಮಲ್ಲಿಲ್ಲ. ಇದ್ದಿದ್ದರೆ ಈ ದಿನ ಹೀಗೆ ಬರೆಯುತ್ತಿದ್ದೆವು: ನಮ್ಮಲ್ಲಿ ಮಳೆಯು ಕಾರಹುಣ್ಣಿಮೆಯ ಸುಮಾರಿಗೆ 
ಬರಬೇಕು, ಕೆಲವು ವರ್ಷ ಬರುವುದಿಲ್ಲ. ಬೆಳಗ್ಗೆ ಜೋಳದ ರೊಟ್ಟಿಯನ್ನು ತಿನ್ನುತ್ತೇವೆ, ಅದು ಕಟಕಟನೆ ಮುರಿಯುತ್ತದೆ, ಹಿಂಡಿಯೊಡನೆ ಬಹಳ ರುಚಿ. ಶಾಲೆಗೆ ಕಾಲುನಡಿಗೆಯಲ್ಲಿ ಹೋಗುತ್ತೇವೆ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ನಾವು ಎರಡು ಅಂಗುಲ ಎತ್ತರವಾಗುತ್ತೇವೆ. ನನ್ನ ಪಕ್ಕದಲ್ಲಿ ಕೂಡುವವನು ಸಮುದ್ರವನ್ನು ನೋಡಿದ್ದಾನೆ. ಹಡಗುಗಳ ದೀಪಗಳನ್ನು ಎಣಿಸಿದ್ದಾನೆ. ಅವನು ಎಷ್ಟು ಎಣಿಸಿದನೆಂದು ಇವತ್ತು ಕೇಳಿ, ಮುಂದಿನ ಪತ್ರದಲ್ಲಿ ಬರೆಯುತ್ತೇನೆ.